ಪರರು ಬರೆದಿಟ್ಟ ವಂಶಾವಳಿ: ಪೆನ್ಸಿಲ್ವೇನಿಯಾದ ಗಣಿ ಕುಟುಂಬಗಳ ಬೇರು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವಂಶಾವಳಿಯ ಶೋಧನೆ ಬಹುಮಟ್ಟಿಗೆ ಉಳ್ಳವರ ಹವ್ಯಾಸವಾಗಿತ್ತು. ಭೂಮಿಯ ಕ್ರಯಪತ್ರ, ಉಯಿಲು, ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡ ಮನೆತನಗಳಿಗೆ ಅದು ಸುಲಭವೂ ಆಗಿತ್ತು. ಗಣಿ, ಗಿರಣಿಗಳಲ್ಲಿ ದುಡಿದು ಬಾಡಿಗೆಯ ಮನೆಗಳಲ್ಲಿ ಬದುಕಿದವರು ಅಂಥ ಕಾಗದಗಳನ್ನು ಬಿಟ್ಟುಹೋದದ್ದು ಅಪರೂಪ. ಆದರೂ ಅವರ ಕುರಿತ ದಾಖಲೆಗಳಿಗೆ ಬರವಿಲ್ಲ: ಜನರನ್ನು ಎಣಿಸಲು, ಸೈನ್ಯಕ್ಕೆ ಸೇರಿಸಲು, ಬಂದರಿನಲ್ಲಿ ತಪಾಸಣೆ ಮಾಡಲು ಸರ್ಕಾರವೂ ಕಂಪನಿಗಳೂ ಅವರ ಹೆಸರುಗಳನ್ನು ಬರೆದಿಟ್ಟವು. ಹೀಗಾಗಿ ಶ್ರಮಿಕ ಕುಟುಂಬದ ವಂಶವನ್ನು ಹುಡುಕುವವರು ಪ್ರತಿ ದಾಖಲೆಯನ್ನೂ ಯಾರು, ಯಾವ ಉದ್ದೇಶಕ್ಕೆ ಬರೆದರೆಂದು ಮೊದಲು ಕೇಳಬೇಕಾಗುತ್ತದೆ. ಗಟ್ಟಿ ಕಲ್ಲಿದ್ದಲಾದ ಆಂತ್ರಸೈಟ್‌ಗೆ ಹೆಸರಾದ ಈಶಾನ್ಯ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್, ವಿಲ್ಕ್ಸ್-ಬ್ಯಾರಿ ಸೀಮೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು.

ಶೋಧನೆ ಇಂದಿನಿಂದ ಹಿಂದಕ್ಕೆ ಸಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ಕಾಲ ಗೋಪ್ಯವಾಗಿಡುವ ನಿಯಮವಿರುವುದರಿಂದ, 1950ರ ಗಣತಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರಲ್ಲಿ. ಮನೆಯ ಯಜಮಾನನ ಹೆಸರನ್ನಷ್ಟೇ ಬರೆಯುತ್ತಿದ್ದ ಗಣತಿ 1850ರಿಂದ ಸ್ವತಂತ್ರರಾಗಿದ್ದ ಎಲ್ಲರ ಹೆಸರನ್ನೂ, 1880ರಿಂದ ಯಜಮಾನನೊಂದಿಗೆ ಅವರಿಗಿದ್ದ ಸಂಬಂಧವನ್ನೂ ನಮೂದಿಸಿತು. 1900ರ ಹಾಳೆ ಇನ್ನೂ ಮಾತುಗಾರ. ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಎರಡು ಅಂಕಣಗಳ ಅಂತರವು, ಬೇರೆಲ್ಲಿಯೂ ಹೆಸರಿಲ್ಲದೆ ತೀರಿಕೊಂಡ ಮಕ್ಕಳ ಸುಳಿವು ಕೊಡುತ್ತದೆ. ಅದೇ ಹಾಳೆಯಲ್ಲಿ ಗೃಹಿಣಿಯ ಉದ್ಯೋಗದ ಅಂಕಣ ಸಾಮಾನ್ಯವಾಗಿ ಖಾಲಿಯಿದ್ದರೂ, ಕುಟುಂಬದ ಹೆಸರುಗಳ ಕೆಳಗೆ ಊಟ-ವಸತಿಗೆ ಹಣ ಕೊಟ್ಟು ಉಳಿದುಕೊಂಡ ನಾಲ್ಕೈದು ಗಣಿಗಾರರ ಹೆಸರು ಕಂಡರೆ, ಅವರಿಗೆ ಅಡುಗೆ ಮಾಡಿ ಬಟ್ಟೆ ಒಗೆದ ಆಕೆಯ ದುಡಿಮೆ ಅಲ್ಲಿ ಪರೋಕ್ಷವಾಗಿ ದಾಖಲಾಗಿದೆ ಎಂದೇ ಅರ್ಥ.

1890ರ ಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಸಂಭವಿಸಿದ ಬೆಂಕಿಯ ಪರಿಣಾಮವಾಗಿ ಬಹುಪಾಲು ನಾಶವಾದವು. ಪೂರ್ವ ಯೂರೋಪಿನಿಂದ ವಲಸೆ ಏರುತ್ತಿದ್ದ ಕಾಲದಲ್ಲೇ ಹೀಗೆ ಇಪ್ಪತ್ತು ವರ್ಷಗಳ ಕಂದರ ಬಿದ್ದಿದೆ. ಅದನ್ನು ತುಂಬಲು ನೆರವಾಗುವುದು ನಿವಾಸಿಗಳ ಉದ್ಯೋಗ, ವಿಳಾಸಗಳನ್ನು ಅಚ್ಚುಹಾಕುತ್ತಿದ್ದ ನಗರ ಡೈರೆಕ್ಟರಿಗಳು, ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಮತ್ತು ಗಣಿ ತಪಾಸಕರ ವರದಿಗಳು. 1869ರಲ್ಲಿ ಏವನ್‌ಡೇಲ್ ಗಣಿಯ ಬೆಂಕಿಯಲ್ಲಿ 110 ಮಂದಿ ಸತ್ತ ಬಳಿಕ ಬಂದ ಸುರಕ್ಷತಾ ಕಾನೂನಿನಿಂದ ಆರಂಭವಾದ ಈ ವರದಿಗಳಲ್ಲಿ ಸತ್ತವನ ಹೆಸರು, ವಯಸ್ಸು, ಕೆಲಸಗಳ ಜೊತೆಗೆ ಅವನು ಬಿಟ್ಟುಹೋದ ವಿಧವೆ ಹಾಗೂ ಅನಾಥ ಮಕ್ಕಳ ಲೆಕ್ಕವೂ ಸಿಗುತ್ತದೆ. ಆದರೆ ವಯಸ್ಸನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಲ್ಲಿದ್ದಲನ್ನು ಒಡೆದು ಕಲ್ಲು ಆರಿಸುವ ‘ಬ್ರೇಕರ್’ ಎಂಬ ಕಟ್ಟಡದಲ್ಲಿ ದುಡಿಯಲು 1885ರ ಕಾನೂನು ಕನಿಷ್ಠ 12 ವರ್ಷ ನಿಗದಿಪಡಿಸಿತ್ತು. ಕೂಲಿಯ ಅಗತ್ಯವಿದ್ದ ತಂದೆತಾಯಿ ಮಗನ ವಯಸ್ಸನ್ನು ಹೆಚ್ಚಿಸಿ ಹೇಳುತ್ತಿದ್ದರಾದ್ದರಿಂದ, ಚರ್ಚಿನ ಪುಸ್ತಕದಲ್ಲಿ ಹತ್ತು ವರ್ಷದವನಾದ ಹುಡುಗ ಕೆಲಸದ ದಾಖಲೆಯಲ್ಲಿ ಹನ್ನೆರಡರವನಾಗಿರಬಹುದು.

ಸಾಗರ ದಾಟಿ ಹಿಂದಕ್ಕೆ ಹೋದಾಗ ತೊಡಕು ಹೆಚ್ಚುತ್ತದೆ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರನ್ನು ಬರಮಾಡಿಕೊಂಡ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರು ಬದಲಿಸಿದರೆಂಬ ಕಥೆ ಅನೇಕ ಮನೆಗಳಲ್ಲಿ ಉಳಿದಿದೆ. ವಾಸ್ತವವಾಗಿ ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರು ಹೊರಡುವ ಬಂದರಿನಲ್ಲೇ ಬರೆಯುತ್ತಿದ್ದರು. ಹೆಸರುಗಳು ಸಾಮಾನ್ಯವಾಗಿ ಬದಲಾದದ್ದು ಆಮೇಲೆ, ಕೆಲಸದ ಜಾಗದಲ್ಲಿ, ಶಾಲೆಯಲ್ಲಿ, ಪೌರತ್ವದ ಅರ್ಜಿಯಲ್ಲಿ. ಜನ್ಮಸ್ಥಳವೂ ಹಾಗೆಯೇ: ಒಂದೇ ಸ್ಲೊವಾಕ್ ಹಳ್ಳಿ 1910ರ ಗಣತಿಯಲ್ಲಿ ಹಂಗೇರಿಗೂ, ಮಹಾಯುದ್ಧದ ನಂತರ 1920ರಲ್ಲಿ ಚೆಕೊಸ್ಲೊವಾಕಿಯಾಕ್ಕೂ ಸೇರಿರುವುದುಂಟು. 1907ರ ನಂತರದ ಹಡಗುಪಟ್ಟಿಗಳಲ್ಲಿ ತಾಯ್ನಾಡಿನಲ್ಲಿರುವ ಹತ್ತಿರದ ಬಂಧುವಿನ ಹೆಸರನ್ನೂ ಕೇಳುತ್ತಿದ್ದರಿಂದ, ನಿಜವಾದ ಊರು ಕೊನೆಗೆ ಅಲ್ಲಿ ಪತ್ತೆಯಾಗುವ ಸಾಧ್ಯತೆಯಿದೆ.

ಈ ಹಾದಿ ಎಲ್ಲ ಶ್ರಮಿಕರಿಗೂ ಸಮಾನವಾಗಿ ತೆರೆದಿಲ್ಲ. ದಕ್ಷಿಣದಿಂದ ಉತ್ತರದ ಕಾರ್ಖಾನೆಗಳಿಗೆ ಬಂದ ಕರಿಯ ಕುಟುಂಬಗಳ ಪೂರ್ವಿಕರಲ್ಲಿ ಹೆಚ್ಚಿನವರ ಹೆಸರು ಗಣತಿಯಲ್ಲಿ ಮೊದಲು ಕಾಣಿಸುವುದು 1870ರಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಗಳು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳನ್ನು ಬರೆದು, ಬಹುತೇಕ ಕಡೆ ಹೆಸರನ್ನು ಬಿಟ್ಟಿವೆ. ಆದ್ದರಿಂದ ಅವರ ವಂಶವನ್ನು ಅರಸುವವರು ಒಡೆಯನ ಉಯಿಲು, ಆಸ್ತಿಪಟ್ಟಿಗಳಲ್ಲಿ ಪೂರ್ವಿಕರನ್ನು ಹುಡುಕಬೇಕಾಗುತ್ತದೆ.

1959ರ ಜನವರಿಯಲ್ಲಿ ಸಸ್ಕ್ವೆಹಾನ ನದಿ ನಾಕ್ಸ್ ಗಣಿಗೆ ನುಗ್ಗಿ 12 ಮಂದಿಯನ್ನು ಬಲಿತೆಗೆದುಕೊಂಡ ನಂತರ ಆ ಕಣಿವೆಯ ಆಳಗಣಿಗಾರಿಕೆ ಬಹುತೇಕ ಮುಗಿಯಿತು. ಮೊಮ್ಮಕ್ಕಳ ಜಾಡು ಬೇರೆ ರಾಜ್ಯಗಳಿಗೆ ಹರಡಿತು. ಒಂದೇ ಹೆಸರಿನ ಹತ್ತಾರು ಗಣಿಗಾರರಿರುವ ಊರಿನಲ್ಲಿ ತಮ್ಮವನನ್ನು ಗುರುತಿಸಲು ಸಂಶೋಧಕರು ಅವನ ಮನೆಯಲ್ಲಿದ್ದ ಬಾಡಿಗೆದಾರರು, ಮದುವೆಯ ಸಾಕ್ಷಿಗಳು, ಮಕ್ಕಳ ಧರ್ಮಪಿತರು ಮತ್ತು ನೆರೆಯವರ ದಾಖಲೆಗಳನ್ನೂ ಓದುತ್ತಾರೆ, ಏಕೆಂದರೆ ಒಂದೇ ಹಳ್ಳಿಯವರು ಒಬ್ಬರ ಹಿಂದೊಬ್ಬರು ಒಂದೇ ಬೀದಿಗೆ ಬಂದು ನೆಲೆಸುತ್ತಿದ್ದರು. ಹೀಗೆ ದುಡಿಯುವ ಕುಟುಂಬದ ವಂಶಾವಳಿಯನ್ನು ಸರಿಯಾಗಿ ಬರೆಯಲು ಹೊರಟವರು, ಬೇಕೆಂದೋ ಬೇಡವೆಂದೋ, ಅದರ ಇಡೀ ಬೀದಿಯ ಚರಿತ್ರೆಯನ್ನು ಬರೆಯಬೇಕಾಗುತ್ತದೆ.