ವೈದ್ಯಕೀಯ ಪ್ರವೇಶ: ಅರ್ಹತೆಗೂ ಸೀಟಿಗೂ ನಡುವಣ ಅಂತರ

ಮಕ್ಕಳು ವೈದ್ಯರಾಗಬೇಕೆಂಬ ಹಂಬಲ ಇಂದು ಪಟ್ಟಣಿಗರಿಗಷ್ಟೇ ಸೀಮಿತವಾಗಿಲ್ಲ. ಒಕ್ಕಲುತನದ ಮನೆಗಳಲ್ಲಿಯೂ ಅದು ಬೇರೂರಿದೆ. ವೈದ್ಯಕೀಯ ಪ್ರವೇಶದ ಸ್ಪರ್ಧೆ ತೀವ್ರವಾದುದೆಂಬುದು ಸರ್ವವಿದಿತ. ಆದರೆ ಅದು ಯಾವ ಹಂತದಲ್ಲಿ ತೀವ್ರ, ಯಾರ ಪಾಲಿಗೆ ತೀವ್ರ ಎಂಬುದನ್ನು ವಿವೇಚಿಸುವವರು ವಿರಳ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. ಕ್ಯಾಪಿಟೇಶನ್ ಹಾವಳಿಯನ್ನು ತಡೆಯಲು ರಾಜ್ಯವು 1984ರಲ್ಲಿ ಕಾಯಿದೆಯನ್ನು ರೂಪಿಸಿತು. ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿಯೂ, ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ 1993ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪುಗಳ ತರುವಾಯ, 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಜಾರಿಗೆ ಬಂದಿತು. 2017ರಿಂದೀಚೆಗೆ ವೈದ್ಯಕೀಯ ಪ್ರವೇಶಕ್ಕೆ ಅಖಿಲ ಭಾರತ ಮಟ್ಟದ ನೀಟ್ ಪರೀಕ್ಷೆಯೇ ಆಧಾರವಾಗಿದೆ.

2024ರಲ್ಲಿ 23 ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ನೀಟ್ ಬರೆದರು. ಆ ವರ್ಷ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1 ಲಕ್ಷ 9 ಸಾವಿರ. ಈ ಲೆಕ್ಕದಂತೆ ಒಂದು ಸೀಟಿಗೆ ಇಪ್ಪತ್ತೊಂದು ಮಂದಿ. ಇವುಗಳಲ್ಲಿ ಸರ್ಕಾರಿ ಕಾಲೇಜುಗಳ ಸೀಟುಗಳು ಅರ್ಧದಷ್ಟು ಮಾತ್ರವಾದುದರಿಂದ, ಅಲ್ಲಿ ಒಂದು ಸೀಟಿಗೆ ನಾಲ್ವತ್ತಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದಂತಾಯಿತು.

ಅದೇ ವರ್ಷ ಅರ್ಹರೆಂದು ಘೋಷಿತರಾದವರು 13 ಲಕ್ಷಕ್ಕೂ ಹೆಚ್ಚು. ಸಾಮಾನ್ಯ ವರ್ಗದವರು ಅರ್ಹರಾಗಲು 720ಕ್ಕೆ 162 ಅಂಕಗಳು ಸಾಕಾಗಿದ್ದವು. ಆದರೆ ಸರ್ಕಾರಿ ಕಾಲೇಜುಗಳ ಅಖಿಲ ಭಾರತ ಕೋಟಾದಲ್ಲಿ ಸಾಮಾನ್ಯ ವರ್ಗದ ಸೀಟು ದೊರೆಯಲು 650ಕ್ಕೂ ಮೇಲ್ಪಟ್ಟ ಅಂಕಗಳು ಬೇಕಾದವು. ಮರುವರ್ಷ ಪ್ರಶ್ನೆಪತ್ರಿಕೆ ಕಠಿಣವಾಗಿದ್ದುದರಿಂದ ದೇಶಕ್ಕೇ ಪ್ರಥಮ ಸ್ಥಾನದ ಅಂಕ 686ಕ್ಕೆ ಇಳಿಯಿತು. ಆದುದರಿಂದ ನಿರ್ಣಾಯಕವಾದುದು ಅಂಕವಲ್ಲ, ರ‍್ಯಾಂಕು. ಅರ್ಹತೆಯೆಂಬುದು ಬಾಗಿಲಿನವರೆಗಿನ ದಾರಿಯೇ ಹೊರತು ಒಳಗಿನ ಆಸನವಲ್ಲ.

ಈ ಅಂತರವನ್ನು ತುಂಬುವುದು ಬಹುಮಟ್ಟಿಗೆ ಹಣ. ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಬಿಟ್ಟರೆ, ಉಳಿದವುಗಳ ವಾರ್ಷಿಕ ಶುಲ್ಕ ಹತ್ತು ಲಕ್ಷ ರೂಪಾಯಿಗಳ ಆಸುಪಾಸಿನಿಂದ ಮೇಲಕ್ಕೇರುತ್ತದೆ. ಹಿಂದಿನ ರ‍್ಯಾಂಕಿನ ಶ್ರೀಮಂತ ವಿದ್ಯಾರ್ಥಿಗೆ ಈ ದಾರಿ ತೆರೆದಿರುತ್ತದೆ. ಅವನಿಗಿಂತ ಮುಂದಿರುವ ಬಡ ವಿದ್ಯಾರ್ಥಿಗೆ ಅದು ಮುಚ್ಚಿರುತ್ತದೆ. ಸ್ಪರ್ಧೆಯ ನಿಜವಾದ ಕಾಠಿಣ್ಯವನ್ನು ಅನುಭವಿಸುವವನು ಈ ಎರಡನೆಯವನೇ. ಕೋಚಿಂಗ್‌ಗಾಗಿ ಒಂದೆರಡು ವರ್ಷ ಮರುಪ್ರಯತ್ನ ಮಾಡುವ ಅನುಕೂಲವೂ ಅವನಿಗೆ ವಿರಳ.

ಇಂಥವರಿಗೆ ಆಸರೆಯಾಗಬಲ್ಲ ಏರ್ಪಾಡುಗಳು ಇಲ್ಲದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುವ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇಕಡಾ 15ರಷ್ಟು, ಕನ್ನಡ ಮಾಧ್ಯಮಕ್ಕೆ ಶೇಕಡಾ 5ರಷ್ಟು ಮೀಸಲಾತಿಯಿದೆ. ಸಂವಿಧಾನದ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಮೀಸಲಾಗಿವೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಲಭ್ಯ. ಆದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಶಾಲೆಯ ಮುಖ್ಯೋಪಾಧ್ಯಾಯರ ವ್ಯಾಸಂಗ ಪ್ರಮಾಣಪತ್ರ ಅವಶ್ಯ. ಕಾಲಕ್ಕೆ ಸರಿಯಾಗಿ ಅದನ್ನು ಪಡೆಯದೆ ಹೋದರೆ ನ್ಯಾಯವಾಗಿ ಸಲ್ಲಬೇಕಾದ ಸೀಟು ಕೈತಪ್ಪಬಹುದು.

ಆದಕಾರಣ ಶಿಕ್ಷಕರ ಹೊಣೆ ಪಾಠದೊಂದಿಗೆ ಮುಗಿಯುವುದಿಲ್ಲ. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಬುನಾದಿಯನ್ನು ಭದ್ರಗೊಳಿಸುವುದು, ದಾಖಲೆಗಳ ವಿಷಯದಲ್ಲಿ ಪಾಲಕರನ್ನು ಎಚ್ಚರಿಸುವುದು ಅವರಿಂದಾಗಬೇಕಾದ ಕಾರ್ಯ. ದಾನಿಗಳ ಔದಾರ್ಯ ಕಟ್ಟಡಗಳಿಗೆ ಸಂದಂತೆಯೇ, ಮರುಪ್ರಯತ್ನದ ಒಂದು ವರ್ಷಕ್ಕೆ ಊಟ, ವಸತಿ, ಪುಸ್ತಕಗಳ ರೂಪದಲ್ಲಿ ಬಡ ವಿದ್ಯಾರ್ಥಿಗೂ ಸಲ್ಲುವುದಾದರೆ ಅದರ ಫಲ ಹಿರಿದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಮ್ಮೆ ಬಂದು ಮಾರ್ಗದರ್ಶನವಿತ್ತರೂ ಉಪಕಾರವೇ.

ಸೀಟು ದೊರೆಯದವರ ಸಂಖ್ಯೆ ಎಂದಿಗೂ ದೊರೆತವರಿಗಿಂತ ಹೆಚ್ಚು. ಹಾಗಾಗಿ ದೊರೆಯದಿದ್ದುದನ್ನು ಮಗುವಿನ ಸೋಲೆಂದು ಬಗೆಯದೆ, ಶುಶ್ರೂಷೆ, ಔಷಧವಿಜ್ಞಾನ, ಕೃಷಿ, ಪಶುವೈದ್ಯ ಮೊದಲಾದ ದಾರಿಗಳನ್ನೂ ಮೊದಲೇ ತೋರಿಸಿಡುವುದು ಹಿರಿಯರ ಕರ್ತವ್ಯ. ಲಕ್ಷ ಮಂದಿಗೆ ಸ್ಥಳವಿರುವೆಡೆ ಇಪ್ಪತ್ತು ಲಕ್ಷ ಮಂದಿ ನಿಂತಾಗ, ಹಿಂದಿರುಗುವವರಲ್ಲಿ ಪ್ರತಿಭಾವಂತರೂ ಇದ್ದೇ ಇರುತ್ತಾರೆ.