ಗಟ್ಟಿದನಿಯ ಪೈಪೋಟಿಗೆ ಬಿದ್ದ ಕಡಿವಾಣ

ಸಂತೆಯಲ್ಲಿ ಒಬ್ಬ ವ್ಯಾಪಾರಿ ದನಿ ಏರಿಸಿದರೆ ಪಕ್ಕದವನೂ ಏರಿಸುತ್ತಾನೆ. ಕೊನೆಗೆ ಎಲ್ಲರೂ ಕೂಗುತ್ತಾರೆ. ಯಾರ ಮಾತೂ ಕೇಳಿಸುವುದಿಲ್ಲ. ಪಾಶ್ಚಾತ್ಯ ಜನಪ್ರಿಯ ಸಂಗೀತದ ಧ್ವನಿಮುದ್ರಣದಲ್ಲಿ ಸುಮಾರು ಎರಡು ದಶಕ ನಡೆದದ್ದೂ ಇದೇ. ‘ಲೌಡ್‌ನೆಸ್ ವಾರ್’, ಅಂದರೆ ಗಟ್ಟಿದನಿಯ ಸಮರ ಎಂಬ ಹೆಸರೇ ಅದಕ್ಕೆ ಬಿದ್ದಿತು.

ಈ ಪೈಪೋಟಿಯ ಬೇರು ಮನುಷ್ಯನ ಕಿವಿಯಲ್ಲಿದೆ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ದನಿಯನ್ನು ತುಸುವೇ ಹೆಚ್ಚಿಸಿದರೂ ಅದೇ ಚೆನ್ನಾಗಿದೆ ಎಂದು ಬಹುಮಂದಿಗೆ ತೋರುತ್ತದೆ. ಮೆಲುದನಿಯಲ್ಲಿ ಅಷ್ಟಾಗಿ ಕೇಳಿಸದ ಕೆಳಸ್ವರಗಳು ದನಿ ಏರಿದಾಗ ತುಂಬಿಕೊಂಡು ಕೇಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಕಿವಿಯ ಈ ಗುಣವನ್ನು ಅಳೆದು ತೋರಿಸಿದ್ದರು.

ಗ್ರಾಮಫೋನ್ ಕಾಲದಲ್ಲಿ ಈ ಆಸೆಗೆ ತಟ್ಟೆಯೇ ಮಿತಿ ಹಾಕುತ್ತಿತ್ತು. ದನಿ ಜೋರಾದಷ್ಟೂ ಗೀರು ಅಗಲವಾಗಿ ಜಾಗ ನುಂಗುತ್ತದೆ; ಅತಿಯಾದರೆ ಮುಳ್ಳು ಹಾರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ಆ ತೊಂದರೆಯಿರಲಿಲ್ಲ. ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಅದು ಹಿಡಿದಿಡಬಲ್ಲದು. ಆದರೆ ಅದಕ್ಕೂ ದಾಟಲಾಗದ ಒಂದು ಮೇಲ್ಮಿತಿ ಉಂಟು. ಆ ಮಿತಿಯೊಳಗೇ ಹಾಡನ್ನು ಇನ್ನಷ್ಟು ಗಟ್ಟಿ ಮಾಡುವುದು ಹೇಗೆ? ಹಾಡು ಹೊರಬರುವ ಮುನ್ನ ನಡೆಯುವ ಕೊನೆಯ ಸಂಸ್ಕಾರವಾದ ‘ಮಾಸ್ಟರಿಂಗ್’ನಲ್ಲಿ ಇದಕ್ಕೆ ಉಪಾಯ ಸಿಕ್ಕಿತು. ಲಿಮಿಟರ್ ಎಂಬ ಸಾಧನದಿಂದ ಧ್ವನಿಯ ಶಿಖರಗಳನ್ನು ತಗ್ಗಿಸಿ, ಉಳಿದುದೆಲ್ಲವನ್ನೂ ಮೇಲೆತ್ತಿದರಾಯಿತು.

ಹೀಗೆ ಮಾಡಿದಾಗ ಬೆಟ್ಟ, ಕಣಿವೆಗಳೆರಡೂ ಸಮನಾಗುತ್ತವೆ. ಡ್ರಮ್ಮಿನ ಪೆಟ್ಟು ಮೊನಚು ಕಳೆದುಕೊಳ್ಳುತ್ತದೆ, ಪಿಸುಮಾತೂ ಕೂಗಾಗುತ್ತದೆ, ಕಿವಿ ಬೇಗ ದಣಿಯುತ್ತದೆ. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಸಿಟ್ಟಾದರು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳುತ್ತಿದ್ದವು. ಮತ್ತೆ ಮಾಸ್ಟರಿಂಗ್ ಮಾಡಿ ಕೊಡಿ ಎಂಬ ಮನವಿಗೆ ಸಾವಿರಾರು ಮಂದಿ ಸಹಿ ಹಾಕಿದರು.

ಪರಿಹಾರ ಬಂದದ್ದು ಪ್ರಸಾರ ಕ್ಷೇತ್ರದಿಂದ. ಶಿಖರವನ್ನಲ್ಲ, ಕಿವಿಗೆ ಒಟ್ಟಾರೆ ತೋರುವ ಗಟ್ಟಿತನವನ್ನೇ ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿತು. ಈಗ ಅದರ ಮಾನಕ್ಕೆ ‘ಲಫ್ಸ್’ ಎನ್ನುತ್ತಾರೆ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಮೈನಸ್ 23 ಲಫ್ಸ್ ಮಟ್ಟವನ್ನು ಶಿಫಾರಸು ಮಾಡಿತು.

ಸ್ಟ್ರೀಮಿಂಗ್ ಸೇವೆಗಳೂ ಇದೇ ದಾರಿ ಹಿಡಿದವು. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ ಮಟ್ಟಕ್ಕೆ ತಂದು ಕೇಳಿಸುತ್ತದೆ. ಒಂದು ಹಾಡು ಮೈನಸ್ 8ರಲ್ಲಿದ್ದರೆ ಅದನ್ನು 6 ಡೆಸಿಬಲ್ ತಗ್ಗಿಸುತ್ತದೆ. ಮೈನಸ್ 14ರಲ್ಲಿರುವುದನ್ನು ಮುಟ್ಟುವುದಿಲ್ಲ. ಆಗ ಎರಡೂ ಹಾಡು ಒಟ್ಟಾರೆ ಅಷ್ಟೇ ಗಟ್ಟಿಯಾಗಿ ಕೇಳುತ್ತವೆ. ಆದರೆ ಮೊದಲನೆಯದರ ಶಿಖರಗಳು ಆಗಲೇ ಸವೆದಿವೆ. ಎರಡನೆಯದರಲ್ಲಿ ಡ್ರಮ್ಮಿನ ಪೆಟ್ಟು ಪೆಟ್ಟಾಗಿಯೇ ಉಳಿದಿದೆ. ಗೆಲ್ಲಲೆಂದು ಹಿಂಡಿದ ಹಾಡೇ ಬಡಕಲಾಗಿ ತೋರುತ್ತದೆ!

ಇಡೀ ಆಲ್ಬಮ್ ಕೇಳುವಾಗ ಹಾಡುಹಾಡಿಗೂ ಇರುವ ಅಂತರವನ್ನು ಈ ಸೇವೆ ಕೆಡಿಸುವುದಿಲ್ಲ. ಮೆಲುದನಿಯ ಹಾಡು ಮೆಲುವಾಗಿಯೇ ಇರುತ್ತದೆ. ಕಡತವನ್ನು ಕುಗ್ಗಿಸುವಾಗ ಶಿಖರಗಳು ಒಂದಿಷ್ಟು ಮೇಲೇಳುವುದುಂಟು. ಆದ್ದರಿಂದ ಮೇಲ್ಮಿತಿಗಿಂತ 1 ಡೆಸಿಬಲ್ ಕೆಳಗೇ ನಿಲ್ಲಿ ಎಂದು ಅದು ಮಾಸ್ಟರಿಂಗ್ ಮಾಡುವವರಿಗೆ ಸೂಚಿಸುತ್ತದೆ.

ಇಷ್ಟರಿಂದ ಸಮರ ಪೂರ್ತಿ ಮುಗಿಯಿತು ಎನ್ನಲಾಗದು. ಕೇಳುಗರು ಈ ಸೌಲಭ್ಯವನ್ನು ಆರಿಸಿಡಬಹುದು. ಒತ್ತಿ ತುಂಬಿದ ಧ್ವನಿಯನ್ನೇ ಶೈಲಿಯಾಗಿ ಬಯಸುವ ಕಲಾವಿದರೂ ಇದ್ದಾರೆ. ಆದರೆ ಪಕ್ಕದವನಿಗಿಂತ ಜೋರಾಗಿ ಕೂಗಲೇಬೇಕೆಂಬ ಒತ್ತಡ ತಗ್ಗಿದೆ. ಹಿಂಡಿಟ್ಟ ಹಳೆಯ ಮುದ್ರಣಗಳದೇ ಕೊರಗು. ದನಿ ತಗ್ಗಿಸಿದ ಮಾತ್ರಕ್ಕೆ ಅವುಗಳ ಏರಿಳಿತ ಮರಳಿ ಬಾರದು. ಮೂಲ ಟೇಪು, ಕಡತಗಳನ್ನು ಜೋಪಾನ ಮಾಡಿದವರಿಗಷ್ಟೇ ಅವನ್ನು ಮತ್ತೆ ಹೊಸದಾಗಿ ತಿದ್ದುವ ಅವಕಾಶವಿದೆ.