ಸ್ಥಾನ ತಪ್ಪಿದ ಅರ್ಕಾವೊತ್ತು

ತೆರೆಯ ಮೇಲಿರುವ ಈ ಲಗ್ನಪತ್ರಿಕೆಯ ಕಡೆಯ ಸಾಲನ್ನು ತಾವು ದಯಮಾಡಿ ಅವಲೋಕಿಸಬೇಕು: ವಧೂವರರನ್ನು ಹರಸಿರೆಂದು ಬಂಧುಗಳಲ್ಲಿ ಬಿನ್ನವಿಸಿಕೊಳ್ಳುವ ಆ ಮಂಗಳಕರವಾದ ಎಡೆಯಲ್ಲಿಯೇ ‘ಆಶೀರ್ವಾದ’ವು ‘ಆರ್ಶೀವಾದ’ವಾಗಿ ಅಚ್ಚಾಗಿದೆ.

ನಾಲಗೆಯು ರೇಫವನ್ನು ವಕಾರಕ್ಕಿಂತ ಮೊದಲೇ ಉಚ್ಚರಿಸುವುದಾದರೂ, ನಮ್ಮ ಲಿಪಿಯು ಅದರ ಚಿಹ್ನೆಯಾದ ಅರ್ಕಾವೊತ್ತನ್ನು ‘ವಾ’ ಎಂಬ ಅಕ್ಷರವು ದೀರ್ಘಸಹಿತವಾಗಿ ಮುಗಿದ ಬಳಿಕ, ಅದರ ಬಲಕ್ಕೆ ಇರಿಸುವುದರಿಂದ, ಕಿವಿಯೊಂದನ್ನೇ ನಂಬಿ ಬರೆಯುವವನು ಅದನ್ನು ಒಂದಕ್ಷರ ಮುಂಚಿತವಾಗಿ, ‘ಶೀ’ಯ ಪಕ್ಕದಲ್ಲಿ ನಿಲ್ಲಿಸಿಬಿಡುತ್ತಾನೆ, ಆಗ ರೇಫವು ಶಕಾರದ ಹಿಂದಕ್ಕೆ ಸರಿದು, ಯಾರೂ ಎಂದೂ ಆಡದ ಪದವೊಂದು ಹುಟ್ಟುತ್ತದೆ.

ಬರೆಹದಲ್ಲಿ ಕಾಣುವ ಇಂತಹ ಉಳಿದ ತಪ್ಪುಗಳು ಪದವನ್ನು ಬಿಡಿಸಿ ನೋಡಿದೊಡನೆ ತಿಳಿಯುವಂಥವು. ಶುಭವಾದ ಆಶಯವೇ ಶುಭಾಶಯವಾದುದರಿಂದ ಅಲ್ಲಿ ಷಕಾರಕ್ಕೆ ಎಡೆಯಿಲ್ಲ, ವಿದ್ಯೆಯನ್ನು ಅರ್ಥಿಸುವವನು ವಿದ್ಯಾರ್ಥಿ, ‘ವಿಧ್ಯಾರ್ಥಿ’ಯಲ್ಲ, ಹೃದಯದಿಂದ ಬಂದುದು ಹಾರ್ದಿಕ, ‘ಹಾರ್ಧಿಕ’ವಲ್ಲ.

ಆಡುಮಾತಿನಲ್ಲಿ ಮಹಾಪ್ರಾಣವನ್ನು ಸಡಿಲಿಸುವವರನ್ನು ನಾನು ಎಂದಿಗೂ ದೂಷಿಸಲಾರೆನು, ಅದು ಜನರ ಬಾಯಿಗೆ ಸಹಜವಾದ ನಡೆ. ಆದರೆ ನೂರಾರು ಮಂದಿ ಓದುವ ಫಲಕದಲ್ಲಿ ‘ಧನಸಹಾಯ’ವು ‘ದನಸಹಾಯ’ವಾದಾಗ, ದ್ರವ್ಯವಿರಬೇಕಾದೆಡೆಯಲ್ಲಿ ಪಶುವು ಬಂದು ನಿಲ್ಲುವುದರಿಂದ, ಅಂತಹ ಬರೆಹವನ್ನು ಅಚ್ಚಿಗೆ ಕಳುಹಿಸುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಲೇಬೇಕು.